ಮಾರಮ್ಮನ ಟಗರಿಗೆ ಶಾಂಪೂ

ಹೌದು ಕಣಪ್ಪ, ನೀನು ಕೇಳಿದ್ದು ಸುಳ್ಳಲ್ಲ. ಆದರೆ ಟೀ ಅಂಗಡಿಯಲ್ಲಿ ಹೇಳಿದವರು ಅರ್ಧ ಹೇಳಿದ್ದಾರೆ, ಆ ಅರ್ಧದಲ್ಲೂ ಮುಕ್ಕಾಲು ನಮ್ಮ ಯಜಮಾನರು ಸೇರಿಸಿದ್ದು. ಬಾ, ಜಗಲಿ ಮೇಲೆ ಕೂರು. ಅಲ್ಲಿ ಬೇಡ, ಅಲ್ಲಿ ಈಗ ತಾನೆ ಕೋಳಿ ಕೂತಿತ್ತು. ಹಾಂ, ಅಲ್ಲಿ. ಮೊದಲಿಂದ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ. ಬಾಯಿ ಹಾಕಿದರೆ ನಾನು ನನ್ನ ಮದುವೆ ಕಥೆಗೆ ಹೋಗಿಬಿಡುತ್ತೇನೆ, ಆಮೇಲೆ ನಿನಗೆ ಕೊನೇ ಬಸ್ಸೂ ಇಲ್ಲ.

ನನ್ನ ಸೊಸೆ ಸೌಮ್ಯ ಗೊತ್ತಲ್ಲ, ಮಂಡ್ಯದ ಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಈ ಬೇಸಿಗೆ ರಜೆಗೆ ವೈದ್ಯನಾಥಪುರದ ನಮ್ಮ ತೆಂಗಿನ ತೋಟದಲ್ಲೇ ಮಕ್ಕಳಿಗೆ ಶಿಬಿರ ಶುರು ಮಾಡಿದಳು. 'ಮಣ್ಣು-ಮರ ಬೇಸಿಗೆ ಶಿಬಿರ' ಅಂತ ಗೇಟಿಗೆ ಬೋರ್ಡು. ಬೆಳಿಗ್ಗೆ ಒಂಬತ್ತಕ್ಕೆ ಮಂಡ್ಯದಿಂದ ವ್ಯಾನಿನಲ್ಲಿ ಹದಿನಾಲ್ಕು ಮಕ್ಕಳು ಬರುತ್ತವೆ, ಸಂಜೆ ನಾಲ್ಕಕ್ಕೆ ಹೋಗುತ್ತವೆ. ಅಷ್ಟು ಹೊತ್ತು ಏನು ಮಾಡುತ್ತವೆ ಅಂದರೆ, ಇರುವೆ ಸಾಲಾಗಿ ಹೋಗುವುದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತವೆ. ನಾನು ಅರವತ್ತೆಂಟು ವರ್ಷದಿಂದ ಇರುವೆ ನೋಡುತ್ತಿದ್ದೇನೆ, ಒಂದು ದಿನವೂ ಬರೆದುಕೊಂಡಿಲ್ಲ. ಆಮೇಲೆ ತೆಂಗಿನ ಮರವನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತವೆ. ಮೇಲಿಂದ ಒಂದು ಕಾಯಿ ಬಿದ್ದರೆ ಆ ಕಣ್ಣು ಮತ್ತೆ ತೆಗೆಯುವ ಹಾಗೇ ಇಲ್ಲ!

ಮೂರನೇ ದಿನ ನನಗೆ ತಡೆಯಲಾಗಲಿಲ್ಲ.

"ಸೌಮ್ಯಾ, ಒಂದೇ ಒಂದಿನ ಈ ಮಕ್ಕಳ್ನ ನನ್ ಕೈಗೆ ಕೊಡವ್ವ. ಪ್ರಕೃತಿ ಅಂದ್ರೆ ಏನು ಅಂತ ಜೀವ ಇರೋಗಂಟ ಮರೀಬಾರ್ದು, ಅಂಗೆ ಕಲ್ಸಿ ಕಳುಸ್ತೀನಿ" ಅಂದೆ.

"ಅದೇ ಅತ್ತೆ ನಂಗೆ ಭಯ" ಅಂದಳು.

ನಮ್ಮ ಯಜಮಾನರು ಕೆಂಪಯ್ಯನವರು ಅಲ್ಲೇ ಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ, "ಇವಳ ಕೈಗೆ ನಾನು ಒಬ್ಬ ಸಿಕ್ಕಿರದು ಸಾಲ್ದಾ?" ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ನಲವತ್ತೈದು ವರ್ಷದಿಂದ ಕೇಳಿಸಿಕೊಳ್ಳದೆ ಇರುವುದರಲ್ಲಿ ನಾನು ಪಳಗಿದ್ದೇನೆ.

ದೇವರು ದೊಡ್ಡವನು. ಆರನೇ ದಿನ ಸಂಜೆ ಮಕ್ಕಳ ಅಪ್ಪ-ಅಮ್ಮಂದಿರು ಶಿಬಿರ ನೋಡಲು ಬರುವುದಿತ್ತು. ಅವರಿಗೆ ವಡೆ ತರಲು, ಮಕ್ಕಳಿಗೆ ಸರ್ಟಿಫಿಕೇಟು ಪ್ರಿಂಟು ಹಾಕಿಸಲು ಸೌಮ್ಯ ಮದ್ದೂರಿಗೆ ಹೋಗಲೇಬೇಕಾಯಿತು. ಹೋಗುವಾಗ ನನ್ನ ಕೈಗೆ ಒಂದು ಚೀಟಿ ಕೊಟ್ಟಳು. ಒಂದು, ಮಕ್ಕಳನ್ನು ಬಾವಿ ಹತ್ತಿರ ಬಿಡಬಾರದು. ಎರಡು, ಮಾವಿನಕಾಯಿಗೆ ಕಲ್ಲು ಹೊಡೆಸಬಾರದು. ಮೂರು, ಪ್ರಾಣಿಗಳನ್ನು ದೂರದಿಂದ ನೋಡಬೇಕು. ನಾಲ್ಕು, ದೆವ್ವದ ಕಥೆ ಹೇಳಬಾರದು. ನಾಲ್ಕನೆಯದು ನನಗೋಸ್ಕರವೇ ಬರೆದದ್ದು, ಬೇರೆ ಯಾವ ಶಿಬಿರದಲ್ಲೂ ಇರಲಾರದು.

"ಅತ್ತೆ, ಇದು ಮೊದಲ್ನೇ ವರ್ಸ. ಇವತ್ತು ಬಂದೋರು ಮೆಚ್ಚಿದ್ರೆ ಮುಂದಿನ ತಿಂಗ್ಳು ಇನ್ನೊಂದು ಬ್ಯಾಚು. ಮೆಚ್ಚಲಿಲ್ಲ ಅಂದ್ರೆ ಆ ಬೋರ್ಡು ಕಿತ್ತು ಕೋಳಿಗೂಡಿಗೆ ಬಾಗ್ಲು ಮಾಡ್ಕೊಳದೇಯ" ಅಂದಳು. ಕಣ್ಣಲ್ಲಿ ಸ್ವಲ್ಪ ನೀರಿತ್ತು. ಪಾಪ, ಆ ಬೋರ್ಡಿನ ಚಿತ್ರವನ್ನು ಅವಳೇ ರಾತ್ರಿಯೆಲ್ಲ ಕೂತು ಬರೆದಿದ್ದಳು.

"ಓಗ್ಬಾರವ್ವ ತಾಯಿ. ನಾನಿಲ್ವಾ?" ಅಂದೆ. ಈ 'ನಾನಿಲ್ವಾ' ಅನ್ನುವ ಮಾತು ಇದೆಯಲ್ಲ, ಅದು ನನ್ನ ಬಾಯಿಂದ ಬಂದಾಗಲೆಲ್ಲ ಊರಿಗೆ ಏನಾದರೂ ಆಗಿದೆ.

ಈಗ ಟಗರಿನ ವಿಷಯ ಹೇಳಬೇಕು. ನಮ್ಮ ಪಕ್ಕದ ಹೊಲದ ಚಿಕ್ಕಬೋರಯ್ಯ ತನ್ನ ಮಗಳು ಪುಷ್ಪಾಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದರೆ ಮಾರಮ್ಮನಿಗೆ ಒಂದು ಟಗರು ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದ. ಕೆಲಸ ಸಿಕ್ಕಿತು. ಮಳವಳ್ಳಿ ಸಂತೆಗೆ ಹೋಗಿ ಅಪ್ಪಟ ಬಂಡೂರು ಟಗರು ತಂದ. ಬಂಡೂರು ಟಗರು ಅಂದರೆ ಗೊತ್ತಲ್ಲ, ಗಿಡ್ಡ ಕಾಲು, ಪೀಪಾಯಿಯಂಥ ಮೈ. ಹಿಂದಿನಿಂದ ನೋಡಿದರೆ ನಮ್ಮ ಯಜಮಾನರು ಕಂಬಳಿ ಹೊದ್ದು ಕೂತ ಹಾಗೆ. ಪೂಜೆ ಮಾಡಿ, ಹೂ ಮುಡಿಸಿ, ಅರಿಶಿನದ ನೀರು ಹಾಕಿದರು. ಟಗರು ಮೈ ಒದರಬೇಕು, ನೆನೆದ ನಾಯಿ ಕೊಡವುತ್ತದಲ್ಲ, ಹಾಗೆ. ಒದರಿದರೆ ಅಮ್ಮ ಒಪ್ಪಿಕೊಂಡಳು ಅಂತ ಅರ್ಥ. ಒದರದಿದ್ದರೆ ಮಚ್ಚು ಮುಟ್ಟಿಸುವ ಹಾಗಿಲ್ಲ.

ಅದು ಒದರಲಿಲ್ಲ. ಬಸರಾಳು ದೇವಸ್ಥಾನದ ಕಲ್ಲಿನ ಆನೆಯಾದರೂ ಒಂದು ಸಲ ಅಲ್ಲಾಡೀತು, ಇದು ಅಲ್ಲಾಡಲಿಲ್ಲ. ಮೂರು ವರ್ಷದಲ್ಲಿ ಆರು ಸಲ ನೀರು ಹಾಕಿದ್ದಾರೆ. ಆರು ಸಲವೂ ನೆಂಟರು ಬಂದು, ಮಸಾಲೆ ರುಬ್ಬಿ, ಕಾದು, ಕೊನೆಗೆ ಬರೀ ಸೊಪ್ಪು-ಬೇಳೆಯ ಉಪ್ಸಾರು ಉಂಡು ಹೋಗಿದ್ದಾರೆ. ಬೋರಯ್ಯನಿಗೆ ಹರಕೆ ತಲೆಯ ಮೇಲೆ ಕೂತ ಹಾಗೆ. ಟಗರಿಗೆ ಮಾತ್ರ ಪರಮಸುಖ. ಅಮ್ಮನ ಟಗರು ಅಂತ ಯಾರೂ ಹೊಡೆಯುವುದಿಲ್ಲ, ಯಾರ ಸೊಪ್ಪಿಗೆ ಬೇಕಾದರೂ ಬಾಯಿ ಹಾಕುತ್ತದೆ. ಮಧ್ಯಾಹ್ನದ ಹೊತ್ತು ನೆರಳಿಗೆ ಅಂತ ನಮ್ಮ ತೋಟದಲ್ಲೇ ಅದನ್ನು ಕಟ್ಟುವುದು.

ಅವತ್ತು ಬಿಸಿಲು ಅಂದರೆ ಬಿಸಿಲು. ಮಕ್ಕಳಿಗೆ ನಾನು ಬದುವಿನಲ್ಲಿ ತಾನಾಗಿ ಬೆಳೆಯುವ ಬೆರಕೆ ಸೊಪ್ಪು ಗುರುತಿಸುವುದು ಕಲಿಸಲು ಹೊರಟೆ. ಐದು ನಿಮಿಷಕ್ಕೆ ಹದಿನಾಲ್ಕು ಜನವೂ ಟಗರಿನ ಸುತ್ತ ನಿಂತಿದ್ದವು. ಅಮೃತ ಅಂತ ಒಂದು ಕನ್ನಡಕದ ಹುಡುಗಿ, ಪ್ರಶ್ನೆ ಕೇಳುವುದಕ್ಕೇ ಹುಟ್ಟಿದ್ದು.

"ಅಜ್ಜಿ, ಇದು ಇಷ್ಟು ಬಿಸ್ಲಲ್ಲೂ ಸ್ವೆಟರ್ ಹಾಕ್ಕೊಂಡಿದ್ಯಲ್ಲ, ಇದಕ್ಕೆ ಸೆಕೆ ಆಗಲ್ವಾ?"

"ಆಯ್ತದೆ ಕಣವ್ವ. ಏನ್ ಮಾಡದು, ಅದರ ಸ್ವೆಟ್ರಿಗೆ ಗುಂಡಿ ಇಲ್ಲ."

"ಸ್ನಾನ ಮಾಡಿಸೋಣ್ವಾ?"

ನಾನು ಚೀಟಿ ನೋಡಿದೆ. ದೂರದಿಂದ ನೋಡಬೇಕು ಅಂತ ಇತ್ತು. ಸ್ನಾನ ಮಾಡಿಸಬಾರದು ಅಂತ ಎಲ್ಲೂ ಇರಲಿಲ್ಲ. ಸರಿ, ಇದೇ ಪ್ರಕೃತಿ ಪಾಠ ಅಂತ ತೀರ್ಮಾನಿಸಿದೆ. ತೊಟ್ಟಿಯ ನೀರು, ಮೂಲೆ ಅಂಗಡಿಯಿಂದ ಹತ್ತು ಶಾಂಪೂ ಪ್ಯಾಕೆಟ್ಟು. ಮಕ್ಕಳು ಅದಕ್ಕೆ 'ದಿಂಬು' ಅಂತ ಹೆಸರಿಟ್ಟೂ ಆಯಿತು. ಟಗರು ಜೀವನದಲ್ಲಿ ಮೊದಲ ಸಲ ಕಣ್ಣು ಅರೆ ಮುಚ್ಚಿ ನಿಂತುಕೊಂಡಿತು. ನೊರೆ ಎಷ್ಟು ಬಂತು ಅಂದರೆ, ಸ್ವಲ್ಪ ಹೊತ್ತು ಟಗರು ಯಾವುದು, ಯತೀಶ ಅನ್ನುವ ಹುಡುಗ ಯಾವುದು ಅಂತ ಬಾಲ ನೋಡಿಯೇ ಹೇಳಬೇಕಿತ್ತು.

ಕೊನೆಗೆ ಎರಡು ಬಿಂದಿಗೆ ನೀರು ತಲೆಯ ಮೇಲೆ ಸುರಿದೆವು.

ಟಗರು ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಮೂಗಿನ ತುದಿಯಿಂದ ಶುರು ಮಾಡಿ, ಕಿವಿ, ಕತ್ತು, ಹೊಟ್ಟೆ, ಬಾಲ, ಒಂದೊಂದನ್ನೂ ಬಿಡದೆ, ಮೂರು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಒದರಿತು ನೋಡು! ಹದಿನಾಲ್ಕು ಮಕ್ಕಳೂ ನಾನೂ ತೊಯ್ದು ತೊಪ್ಪೆ.

ಬದುವಿನ ಮೇಲೆ ಹುಲ್ಲಿನ ಹೊರೆ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಚಿಕ್ಕಬೋರಯ್ಯ, ಎರಡೂ ಕೈ ಮುಗಿದುಕೊಂಡು ನಿಂತಿದ್ದಾನೆ.

"ಮಲ್ಲಕ್ಕ, ಒದರ್ತು. ಕಣ್ಣಾರೆ ಕಂಡೆ. ಒದರ್ತು."

"ಲೇ ಬೋರ, ಅದು ಸ್ನಾನ ಕಣ್ಲಾ. ಪೂಜೆ ಇಲ್ಲ, ಹೂವಿಲ್ಲ. ಕಿವಿಗೆ ನೊರೆ ಓಗಿತ್ತು."

"ನೊರೆ ಆಕ್ಸಿದ್ದು ಯಾರು? ಅಮ್ಮನೇಯ. ನಿನ್ ಕೈಲಿ ಆಕ್ಸವ್ಳೆ. ನಾನು ಮೂರು ವರ್ಸದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಮಲ್ಲಕ್ಕ. ಇವತ್ತೇ ಒಪ್ಪಿಸ್ಬುಡ್ತೀನಿ."

ಇಷ್ಟಕ್ಕೇ ನಿಂತಿದ್ದರೆ ನಾನು ಸಂಭಾಳಿಸುತ್ತಿದ್ದೆ. ಆದರೆ ಕೆಂಪಯ್ಯನವರ ಕೈಯಲ್ಲಿ ಮೊಬೈಲಿತ್ತು. ಮನೆಗೆ ಗ್ಯಾಸ್ ಹೇಳು ಅಂದರೆ ನಾಲ್ಕು ದಿನ ಮಾಡುವ ಮನುಷ್ಯ, ಬಾಡೂಟದ ಸುದ್ದಿಯನ್ನು ನಾಲ್ಕು ನಿಮಿಷದಲ್ಲಿ ಮೂರು ಊರಿಗೆ ಮುಟ್ಟಿಸಿದರು. ಗಂಟೆ ಎರಡಾಗುವಷ್ಟರಲ್ಲಿ ಬೀದಿಯೇ ತೋಟದಲ್ಲಿತ್ತು. ಒಬ್ಬರು ಪಾತ್ರೆ ಹೊತ್ತು ತಂದರು, ಒಬ್ಬರು ಒಲೆಗೆ ಕಲ್ಲು ಹೂಡಿದರು, ಹೆಂಗಸರು ಕೂತು ಈರುಳ್ಳಿ ಸುಲಿಯಲು ಶುರು ಮಾಡಿದರು. ಆರು ಸಲ ಉಪ್ಸಾರು ಉಂಡವರ ಹಟ ಅದು.

"ಅಜ್ಜಿ, ಇವರೆಲ್ಲ ಯಾಕೆ ಈರುಳ್ಳಿ ಸುಲೀತಿದ್ದಾರೆ?" ಅಂದಳು ಅಮೃತ.

"ನಿಮ್ ಅಪ್ಪ-ಅಮ್ಮ ಬತ್ತಾರಲ್ಲವ್ವ, ಪಲಾವಿಗೆ" ಅಂದೆ. ಸುಳ್ಳು ಕಣಪ್ಪ, ಶುದ್ಧ ಸುಳ್ಳು.

ಯತೀಶ ಹೋಗಿ ನಮ್ಮ ಯಜಮಾನರನ್ನು ಕೇಳಿದ. ಮಕ್ಕಳ ಮುಂದೆ ಅವರಿಗೆ ಸುಳ್ಳು ಬರುವುದಿಲ್ಲ, ಅದೊಂದೇ ಅವರ ದುರ್ಗುಣ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

ಆ ಹುಡುಗ ಬಂದು ಮಿಕ್ಕವಕ್ಕೆಲ್ಲ ಹೇಳಿದ. ಹದಿನಾಲ್ಕು ಮಕ್ಕಳೂ ಓಡಿಹೋಗಿ, ಶಿಬಿರದಲ್ಲಿ ಮರ ತಬ್ಬುವುದು ಕಲಿತಿದ್ದವಲ್ಲ, ಹಾಗೇ ಟಗರನ್ನು ತಬ್ಬಿ ಕಣ್ಣು ಮುಚ್ಚಿಕೊಂಡವು. ಎಳೆದರೂ ಬಿಡವು. ಅಳು ಬೇರೆ. ಟಗರು ಮಾತ್ರ ಅಮೃತಳ ಟೋಪಿ ತಿನ್ನುತ್ತಿತ್ತು.

ಅಷ್ಟು ಹೊತ್ತಿಗೆ ವಡೆಯ ಪೊಟ್ಟಣ ಹಿಡಿದು ಸೌಮ್ಯ ಗೇಟಿನಲ್ಲಿ. ಅವಳ ಹಿಂದೆ ಒಂದರ ಹಿಂದೆ ಒಂದು ಕಾರು. ಸೌಮ್ಯ ಒಲೆ ನೋಡಿದಳು, ಮಚ್ಚು ನೋಡಿದಳು, ಅಳುವ ಮಕ್ಕಳನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ, "ಅತ್ತೆ, ನಾನು ಹೋಗಿದ್ದು ಬರೀ ಮೂರು ಗಂಟೆ" ಅಂದಳು.

ಆಗ ನನಗೆ ರೋಷ ಬಂತು. ಸೊಸೆಯ ಬೋರ್ಡು ನನ್ನಿಂದ ಕೋಳಿಗೂಡಿಗೆ ಹೋಗಬೇಕಾ? ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುವೆ ನಿಂತೆ.

"ಬೋರಯ್ಯ, ಶಾಂಪೂ ನೀರು ತೀರ್ಥ ಅಲ್ಲ. ಈಗ ಕ್ರಮವಾಗಿ ಅರಿಶಿನದ ನೀರು ಆಕು. ಮೂರು ಚೊಂಬು. ಒದರಿದ್ರೆ ನಿಂದು. ಒದರ್ದೆ ಇದ್ರೆ, ಇವತ್ತು ಅಮ್ಮಂಗೆ ಬ್ಯಾಡ ಅಂತ ಎಲ್ಲ ಸುಮ್ಗಾಗ್ಬೇಕು. ಒಪ್ಗೆಯಾ?"

"ಒಪ್ಗೆ" ಅಂದ ಬೋರಯ್ಯ. ಧರ್ಮಕ್ಕೆ ಹೆದರುವವನು.

ಅಪ್ಪ-ಅಮ್ಮಂದಿರು ಸುತ್ತ ನಿಂತರು. ಮೊದಲ ಚೊಂಬು ಬಿತ್ತು. ಟಗರು ಕಲ್ಲು. ಎರಡನೇ ಚೊಂಬು. ಕಲ್ಲು. ಮಕ್ಕಳು ಉಸಿರು ಹಿಡಿದಿದ್ದವು. ನಾನು ಗೆದ್ದೆ ಅಂತ ತಿಳಿದು, ಟಗರಿನ ಮುಂದೆ ನಿಂತು, ಬಂದವರ ಕಡೆ ತಿರುಗಿ ಭಾಷಣಕ್ಕೇ ಶುರು ಮಾಡಿದೆ. "ನೋಡ್ರಪ್ಪ, ತಾಯಿಗೆ ಗೊತ್ತು ಯಾವುದು ಬೇಕು, ಯಾವುದು ಬ್ಯಾಡ ಅಂತ..."

ಬೋರಯ್ಯನಿಗೆ ಚೊಂಬಿನ ಮೇಲೆ ನಂಬಿಕೆ ಹೋಗಿತ್ತು. ಮೂರನೆಯದಕ್ಕೆ ಟಗರಿಗೆ ಬೆನ್ನು ಮಾಡಿ, ನನ್ನ ಪಕ್ಕದಲ್ಲಿದ್ದ ಬಿಂದಿಗೆಯನ್ನೇ ಎತ್ತಿದ. ಟಗರಿಗೂ ಸಾಕಾಗಿತ್ತು. ಹಿಂದಿನಿಂದ ಅವನ ಮಂಡಿಗೆ ಒಂದು ಗುಮ್ಮಿತು. ಬಿಂದಿಗೆಯ ನೀರು, ಬಾವಿಯ ತಣ್ಣನೆ ನೀರು, ಬೇವಿನಸೊಪ್ಪಿನ ಸಮೇತ ಅಷ್ಟೂ ನನ್ನ ತಲೆಯ ಮೇಲೆ.

ಸುಳ್ಳು ಯಾಕೆ ಹೇಳಲಿ. ಒದರಿದೆ. ತುರುಬಿನಿಂದ ಹಿಮ್ಮಡಿಯ ತನಕ, ಒಂದಂಗವನ್ನೂ ಬಿಡದೆ, ಎಲ್ಲರ ಮುಂದೆ ಒದರಿದೆ.

ಕೆಂಪಯ್ಯನವರು ಎದ್ದು ಬಂದು ಟಗರಿನ ಹಗ್ಗ ಬಿಚ್ಚಿ ಬೋರಯ್ಯನ ಕೈಗೆ ಕೊಟ್ಟರು.

"ತಗಳ್ಲಾ ಬೋರ. ಅಮ್ಮ ಒಪ್ಕಂಡವ್ಳೆ. ಟಗರ್ನಲ್ಲ, ಇವಳ್ನ. ಅಗ್ಗ ಕಟ್ಟಿ ಓಡಿಸ್ಕಂಡ್ ಓಗು. ನನ್ ಅರಕೆ ನಲವತ್ತೈದು ವರ್ಸದ್ದು."

ಬೋರಯ್ಯ ನಕ್ಕ. ನಕ್ಕು ನಕ್ಕು ಕೆಸರಲ್ಲೇ ಕೂತ. ಈರುಳ್ಳಿಯ ಕಣ್ಣೀರಲ್ಲಿದ್ದ ಹೆಂಗಸರು ನಕ್ಕರು. ನನ್ನ ಸೊಸೆ, ನನ್ನ ಸ್ವಂತ ಸೊಸೆ, ವಡೆಯ ಪೊಟ್ಟಣವನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕಳು. "ಅಮ್ಮ ಇವತ್ತು ನಗ್ತಾವ್ಳೆ ಮಲ್ಲಕ್ಕ. ನಗೋ ಒತ್ನಲ್ಲಿ ಮಚ್ಚು ಎತ್ತಬಾರ್ದು. ಇನ್ನೊಂದು ಕಿತ ಒದರ್ಲಿ, ನೋಡವ" ಅಂದ ಬೋರಯ್ಯ. ರುಬ್ಬಿದ ಮಸಾಲೆಗೆ ಎಳೆ ಹಲಸಿನಕಾಯಿ ಹಾಕಿ ಸಾರು ಮಾಡಿದೆವು. ಕಾರಿನಲ್ಲಿ ಬಂದವರೆಲ್ಲ ನೆಲದ ಮೇಲೆ ಕೂತು ಮುದ್ದೆ ನುಂಗಿದರು. ಹೊರಡುವಾಗ ಅಮೃತಳ ತಾಯಿ ಸೌಮ್ಯಳ ಕೈ ಹಿಡಿದುಕೊಂಡು, "ಮೇಡಂ, ಆ ಕೊನೇ ನಾಟಕ ತುಂಬಾ ಚೆನ್ನಾಗಿತ್ತು. ನನ್ನ ಚಿಕ್ಕ ಮಗಳನ್ನೂ ಮುಂದಿನ ಬ್ಯಾಚಿಗೆ ಹಾಕ್ತೀನಿ. ಆ ಅಜ್ಜಿಗೆ ನೀರು ಹಾಕೋದು ಅವತ್ತೂ ಇರುತ್ತಲ್ಲ?" ಅಂದಳು.

"ಇರ್ತದೆ" ಅಂದಳು ಸೌಮ್ಯ. ಒಂದು ಕ್ಷಣವೂ ಯೋಚನೆ ಮಾಡಲಿಲ್ಲ ಕಣಪ್ಪ ಅವಳು.

ಇಷ್ಟೇ ನಡೆದದ್ದು. ಏಳು, ಏಳು, ಬಸ್ಸು ಬರುವ ಹೊತ್ತಾಯಿತು. ಹೇಗೂ ಮದ್ದೂರಿಗೆ ಹೋಗುತ್ತೀಯಲ್ಲ, ಬರುವಾಗ ದಪ್ಪನೆಯ ಟವಲ್ಲು ತಂದುಕೊಡು. ನಾಳೆ ಹೊಸ ಬ್ಯಾಚಿನ ಮಕ್ಕಳೂ ದಿಂಬುಗೆ ಸ್ನಾನ ಮಾಡಿಸುತ್ತವಂತೆ, ಬೋರಯ್ಯ ಈಗಲೇ ಬದುವಿನ ಮೇಲೆ ಕುರ್ಚಿ ತಂದು ಹಾಕಿದ್ದಾನೆ. ನೀರು ಬಿದ್ದ ತಕ್ಷಣ, ಅದು ಒದರುವುದಕ್ಕೆ ಮುಂಚೆ ಒರೆಸಿಬಿಡಬೇಕು. ಎರಡು ತಾ. ಇನ್ನೊಂದು ಯಾರಿಗೆ ಅಂತ ನಮ್ಮ ಯಜಮಾನರ ಮುಂದೆ ಮಾತ್ರ ಕೇಳಬೇಡ.