ಫಾರಿನಪ್ಪನ ಅರ್ಧ ಕಟಿಂಗ್

ಎಡವಟ್ಟಾದದ್ದು ಗಂಟೆ ಕೂಡುವಲ್ಲಿ. ಹೊರದೇಶದ ವಿಶ್ವವಿದ್ಯಾಲಯದವರು ವಿಡಿಯೋ ಕರೆಯಲ್ಲಿ ಸಂದರ್ಶನ ಮಾಡುತ್ತೇವೆಂದು ತಮ್ಮೂರಿನ ಸಮಯ ತಿಳಿಸಿದ್ದರು. ನಮ್ಮ ಫಾರಿನಪ್ಪ ಕಳೆಯಬೇಕಾದಲ್ಲಿ ಕೂಡಿ, ಸಂದರ್ಶನ ಸಂಜೆಗೆ ಎಂದುಕೊಂಡು, ಬೆಳಿಗ್ಗೆ ಆರಾಮವಾಗಿ ಕಟಿಂಗ್‌ಗೆ ಹೋಗಿ ಕೂತ.

ಫಾರಿನಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಕೆಲಸ ಚಪ್ಪಲಿ ಅಂಗಡಿಯಲ್ಲಿ, ಕಣ್ಣು ಸಮುದ್ರದಾಚೆ, ವಾಸ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ. ಹೊಸ ರಗ್ಗು, ಹೊಸ ಶೂ, ಚೆಂದದ ಪಿಂಗಾಣಿ ಕಪ್ಪು ಎಲ್ಲವೂ ಸೂಟ್‌ಕೇಸಿನಲ್ಲಿ ಭದ್ರ. "ಅಲ್ಲಿಗೆ ಹೋದ್ಮೇಲೆ ಬಳಸ್ತೀನಿ" ಎನ್ನುತ್ತಾ, ತೂತಾದ ಹೊದಿಕೆ ಹೊದ್ದು, ಹಿಡಿ ಮುರಿದ ಕಪ್ಪಿನಲ್ಲಿ ಕಾಫಿ ಕುಡಿಯುವ ಪುಣ್ಯಾತ್ಮ. ಬೆಳಗಿನ ಬಿಸಿಲು ಬರುವ ಒಂದೇ ಒಂದು ಕಿಟಕಿಗೂ ಪ್ರಪಂಚದ ಭೂಪಟ ಅಂಟಿಸಿ ಕೂತಿದ್ದ.

ಅರ್ಜಿ ಹಾಕಿದ ಕಡೆಯೆಲ್ಲ ಕೈಕೊಟ್ಟು, ಕೊನೆಗೆ ಒಂದೇ ಕಡೆಯಿಂದ ಕರೆ ಬಂದಿತ್ತು. ಓದಬೇಕಾದ ವಿಷಯ, ಸಾಮಾನ್ಯ ಜನರ ಸಣ್ಣಪುಟ್ಟ ಸಂತೋಷಗಳು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಇದೂ ತಪ್ಪಿದರೆ ಜೀವನವಿಡೀ ಚಪ್ಪಲಿಯೇ ಗತಿ.

ತಲೆಯ ಎಡಭಾಗ ಮುಗಿದು ಬಲಭಾಗ ಇನ್ನೂ ಪೊದೆಯಂತೆ ನಿಂತಿದ್ದಾಗ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಬಿಳಿಕೂದಲಿನ ಪ್ರೊಫೆಸರಮ್ಮ.

"ಅಯ್ಯೋ, ಸಂಜೆ ಅಲ್ವಾ?" ಎಂದ ಫಾರಿನಪ್ಪ.

"ಕನ್ನಡಿಗೆ ಒರಗಿಸಿಟ್ಟು ಮಾತಾಡು ಮಾರಾಯ. ನಾನು ಸದ್ದಿಲ್ದೆ ನಿಂತಿರ್ತೀನಿ" ಎಂದ ಕ್ಷೌರದವನು.

ಪ್ರೊಫೆಸರಮ್ಮ ತಮ್ಮ ಭಾಷೆಯಲ್ಲಿ ಕೇಳಿದರು, "ನಿಮ್ಮ ದಿನದಲ್ಲಿ ಖುಷಿ ಕೊಡುವ ಒಂದು ಸಣ್ಣ ಸಂಗತಿ ಹೇಳಿ."

ಫಾರಿನಪ್ಪ ಉರು ಹೊಡೆದದ್ದನ್ನು ಬಿಚ್ಚಿದ. ಜ್ಞಾನದ ಹಸಿವು, ಮಾನವಕುಲದ ಏಳಿಗೆ ಎಂದು ಶುರುವಾಗುತ್ತಿದ್ದಂತೆ ಆಕೆ ಆಕಳಿಸಿದರು. ಬೆಂಚಿನ ಮೇಲೆ ಪೇಪರು ಓದುತ್ತಿದ್ದ ನಿವೃತ್ತ ಮೇಷ್ಟ್ರು ಮಧ್ಯೆ ಮೂಗು ತೂರಿಸಿದರು. "ಏನಂತೋ ಅವರು ಕೇಳ್ತಿರೋದು?"

ಫಾರಿನಪ್ಪ ಪಿಸುಗುಟ್ಟಿ ಹೇಳಿದ.

"ಅಷ್ಟೇನಾ? ಇಲ್ಲಿ ಕೂತು ಬೇರೆಯವರ ದುಡ್ಡಿನ ಪೇಪರು ಓದೋದು ನಂಗೆ ಪರಮಸುಖ ಅಂತ ಹೇಳು."

"ಅವರು ಏನಂದರು?" ಎಂದರು ಪ್ರೊಫೆಸರಮ್ಮ. ವಿಧಿಯಿಲ್ಲದೆ ಅನುವಾದಿಸಿದ. ಆಕೆ ನಕ್ಕು ಬರೆದುಕೊಂಡರು.

ಅಷ್ಟರಲ್ಲಿ, ಸಂಜೆಗೆ ಯಾವ ಅಂಗಿ ಇಸ್ತ್ರಿ ಮಾಡಲಿ ಎಂದು ಕೇಳಲು ಅಕ್ಕ ಬಂದಳು. ಪ್ರಶ್ನೆ ತಿಳಿದು ಅವಳೂ ಫೋನಿನ ಮುಂದೆ ಬಾಗಿದಳು. "ನಂಗೆ ಎಲ್ರೂ ಹೊರಗೆ ಹೋದ್ಮೇಲೆ ಕುಡಿಯೋ ಎರಡನೇ ಕಾಫಿ. ಅದು ತಣ್ಣಗಾಗೋವರೆಗೆ ಯಾರೂ ಅಕ್ಕಾ ಅಂತ ಕರೀಬಾರ್ದು, ಅಷ್ಟೇ."

ಅದನ್ನೂ ಅನುವಾದಿಸಿದ್ದಾಯಿತು. "ಸರಿ, ನಿಮ್ಮದು?" ಎಂದು ಆಕೆ ಮತ್ತೆ ಇವನನ್ನೇ ಹಿಡಿದರು.

ಫಾರಿನಪ್ಪ ಎಷ್ಟು ತಡಕಾಡಿದರೂ ಒಂದೂ ಸಿಗಲಿಲ್ಲ. ಇದ್ದದ್ದೆಲ್ಲ ಸೂಟ್‌ಕೇಸಿನಲ್ಲಿತ್ತು. ಹಣೆಯಲ್ಲಿ ಬೆವರು ಕಂಡ ಕ್ಷೌರದವನು ಪಾಪ ಅನಿಸಿ, ಬೆರಳುಗಳನ್ನು ನೆತ್ತಿಗೆ ಊರಿ ಮೆಲ್ಲಗೆ ಒತ್ತಿದ.

"ಆಹಾ..." ಎಂದ ಫಾರಿನಪ್ಪ. ಕಣ್ಣು ಮುಚ್ಚಿತು, ಬಾಯಿ ತೆರೆಯಿತು, ಸಂದರ್ಶನ ಮರೆತೇಹೋಯಿತು.

ಪ್ರೊಫೆಸರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ಇದೇ, ನಾನು ಹುಡುಕುತ್ತಿದ್ದದ್ದು ಇದೇ."

"ಹಾಗಾದರೆ ನನಗೆ ಪ್ರವೇಶ..."

"ನೀವು ಇಲ್ಲಿಗೆ ಬಂದು ಏನು ನೋಡುತ್ತೀರಿ? ಇಲ್ಲಿರುವುದು ಬರೀ ಪುಸ್ತಕ. ನಾನೇ ಅಲ್ಲಿಗೆ ಬಂದು ಒಂದು ವರ್ಷ ಇರುತ್ತೇನೆ. ಹತ್ತಿರದಲ್ಲಿ ಕೋಣೆ ಸಿಗುತ್ತದೆಯೇ, ಅಕ್ಕನನ್ನು ಕೇಳಿ."

ಕೇಳಿದ. ಅಕ್ಕ ಯೋಚಿಸಲೂ ಇಲ್ಲ. "ನಿನ್ನ ಮಹಡಿ ಕೋಣೆ ಇದೆಯಲ್ಲೋ. ನೀನು ಹಾಲ್‌ನಲ್ಲಿ ಭಾವನ ಪಕ್ಕ ಮಲಕ್ಕೋ. ಹೇಳು ಅವರಿಗೆ."

ಭಾವನ ಗೊರಕೆ ಬೀದಿಗೇ ಪ್ರಸಿದ್ಧ. ತನ್ನ ಕೋಣೆಯಿಂದ ತನ್ನನ್ನೇ ಹೊರಗೆ ಹಾಕುವ ಆ ಮಾತನ್ನು ಫಾರಿನಪ್ಪ ಒಂದಕ್ಷರ ಬಿಡದೆ ಅನುವಾದಿಸಿದ.

"ಸದ್ಯ, ರಗ್ಗು, ಕಪ್ಪು ಎಲ್ಲಾ ಹೊಸದಾಗೇ ಇದೆ. ಅವರಿಗೆ ಅಂತಾನೇ ಇಟ್ಟ ಹಾಗಿದೆ" ಎನ್ನುತ್ತಾ ಅಕ್ಕ ಹೊರಟಳು. "ಆ ಭೂಪಟಾನೂ ಕಿತ್ತು ಹಾಕ್ತೀನಿ. ಪಾಪ, ಅವರು ಬಿಸಿಲು ಕಾಯಿಸ್ಕೊಳ್ಳಲಿ."

ಕರೆ ಮುಗಿಯಿತು. ಕನ್ನಡಿಯಲ್ಲಿ ಅರ್ಧ ತಲೆಯ ಮನುಷ್ಯನೊಬ್ಬ ಪಿಳಿಪಿಳಿ ನೋಡುತ್ತಿದ್ದ. ಫಾರಿನ್ನೂ ಹೋಯಿತು, ಕೋಣೆಯೂ ಹೋಯಿತು. ಆದರೂ ಆ ನೆತ್ತಿ ಒತ್ತಿದ್ದು ಮಾತ್ರ ಎಂಥ ಸುಖ, ಇಷ್ಟು ವರ್ಷ ಇದೇ ಕುರ್ಚಿಯಲ್ಲಿ ಕೂತೂ ಗೊತ್ತಾಗಲಿಲ್ಲವಲ್ಲ ಎನಿಸಿತು. ಇನ್ನು ಮೇಲೆ ಯಾವ ಖುಷಿಯನ್ನೂ ಮುಂದಕ್ಕೆ ಹಾಕಬಾರದು ಎಂದು ಅಲ್ಲೇ ತೀರ್ಮಾನಿಸಿದ.

"ಅಣ್ಣಾ, ಇನ್ನೊಂದ್ಸಲ ತಲೆ ಒತ್ತಣ್ಣ."

ಕ್ಷೌರದವನು ತನ್ನ ಬೆರಳುಗಳನ್ನು ಜೋಪಾನವಾಗಿ ಟವಲಿನಲ್ಲಿ ಒರೆಸಿಕೊಂಡ.

"ಈಗ ಬೇಡಪ್ಪ. ಆ ಮೇಡಂ ಬಂದ್ಮೇಲೆ ನೋಡೋಣ. ಅಲ್ಲೀವರೆಗೂ ಸುಮ್ನೆ ಕೈ ಸವೆಸ್ಬಾರ್ದು."