ಹೊಲದ ದೇವರಿಗೆ ಜಾಮೀನು

ಬೀದರದಲ್ಲಿ ವಕೀಲಿಕೆ ಮಾಡುವವರಿಗೆ ಜಮೀನಿನ ತಕರಾರು, ಗಂಡಹೆಂಡಿರ ಸೋಡಚೀಟಿ, ಚೆಕ್ ಬೌನ್ಸು ಇವೇ ಅನ್ನ. ನನ್ನ ಪಾಲಿಗೆ ಮಾತ್ರ ಕಲ್ಲುಗಳು ಬರುತ್ತವೆ. ಹಳೇ ಸ್ಮಾರಕಗಳ ಕಾಯ್ದೆ ಓದಿಕೊಂಡವನು ಅಂತ ಒಮ್ಮೆ ಹೆಸರು ಬಿದ್ದದ್ದೇ ತಡ, ಜಿಲ್ಲೆಯಲ್ಲಿ ಯಾವ ಕಲ್ಲು ಅಲುಗಾಡಿದರೂ ಫೋನು ನನಗೇ. ಮನೆಯಾಕೆ ದವಾಖಾನೆಯಲ್ಲಿ ನರ್ಸು. "ನನ್ನ ಪೇಶಂಟ್‌ಗಳು ಉಸಿರಾದ್ರೂ ಆಡ್ತಾರ. ನಿಮ್ಮ ಕಕ್ಷಿದಾರರು?" ಎಂದು ಕೇಳುತ್ತಾಳೆ.

ಇಂಥವು ನಡೆಯುತ್ತಲೇ ಇರುತ್ತವೆ, ನಾನೂ ನಗುತ್ತಲೇ ಇರುತ್ತೇನೆ. ಆದರೆ ಔರಾದ ಕಡೆಯ, ಕುರಿ ಸಾಕುವ ಅಜ್ಜಿಯೊಬ್ಬಳ ಕೇಸು ಮಾತ್ರ ನನ್ನ ನಿದ್ದೆ ಕೆಡಿಸಿತ್ತು. ಆಕೆಯ ಹೊಲದ ದೇವರನ್ನು ಪೊಲೀಸರು ಒಯ್ದಿದ್ದರು. ಅದನ್ನು ಕೊನೆಗೆ ಹೇಳುತ್ತೇನೆ.

ಎಷ್ಟು ಆಳ?

ಭಾಲ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ ಕಾನೂನು ಅರಿವು ಕಾರ್ಯಕ್ರಮವಿತ್ತು. ನಾನು ಹುರುಪಿನಿಂದ ಇತಿಹಾಸವನ್ನೆಲ್ಲ ಬಿಚ್ಚಿಟ್ಟೆ. ಬ್ರಿಟಿಷರು ನಿಧಿಗೆಂದೇ ಒಂದು ಕಾಯ್ದೆ ಮಾಡಿದ್ದು, ಆಮೇಲೆ ಸ್ಮಾರಕ ಕಾಯಲು ಇನ್ನೊಂದು ತಂದದ್ದು, ನಮ್ಮ ಕಡೆ ನಿಜಾಮರ ಸರ್ಕಾರ ತನ್ನದೇ ಇಲಾಖೆ ಇಟ್ಟು ಗುಂಬಜ್‌ಗಳನ್ನು ನೋಡಿಕೊಂಡದ್ದು, ಸ್ವಾತಂತ್ರ್ಯ ಬಂದ ಮೇಲೆ ಹಳೇ ಮೂರ್ತಿಗಳು ಪರದೇಶಕ್ಕೆ ಹೋಗದಂತೆ ತಡೆದದ್ದು, ಒಂದೂ ಬಿಡಲಿಲ್ಲ. ಕೊನೆಗೆ, "ನೆಲದಲ್ಲಿ ನಿಧಿ ಸಿಕ್ಕರೆ ಮುಚ್ಚಿಡಬೇಡಿ, ಸರ್ಕಾರಕ್ಕೆ ತಿಳಿಸಿ" ಎಂದೆ.

ಹಿಂದಿನ ಸಾಲಿನ ಯಜಮಾನರೊಬ್ಬರು ಎದ್ದರು. "ಎಷ್ಟ ಆಳದಾಗ ಇರ್ತದ್ರಿ?"

"ಅದು ಕಾಯ್ದೆಯಲ್ಲಿ ಇಲ್ರಿ."

"ಅಸಲಿ ಮಾತೇ ಬಿಟ್ಟಾರಲ್ರಿ!"

ಮುಂದಿನ ವಾರ ಊರಿನ ಹಾಳುಗುಡಿಯ ಸುತ್ತ ಗುಂಡಿಯೋ ಗುಂಡಿ. ಓಡಿಹೋಗಿ ಬೈದೆ. ಅದೇ ಯಜಮಾನರು ನನಗೇ ಸಮಾಧಾನ ಹೇಳಿದರು. "ಸಿಟ್ಟಾಗಬ್ಯಾಡ್ರಿ ವಕೀಲ ಸಾಬ್ರ. ಸರ್ಕಾರ ಪೆಟ್ರೋಲ್ ಸುಟ್ಟು ನಿಮ್ಮನ್ನ ಕಳಿಸ್ಯಾದ ಅಂದ್ರ, ಖಾಲಿ ನೆಲಕ್ಕ ಕಳಸ್ತದೇನ್ರಿ?"

ತೋಪಿನ ಗುಂಡು

ಬೀದರ ಹಳೇ ಪೇಟೆಯ ಕಿರಾಣಿ ಚಾಚಾ ಒಬ್ಬರು, ಅಂಗಡಿ ಬಾಗಿಲು ಗಾಳಿಗೆ ಬಡಿಯದಂತೆ ಕಲ್ಲಿನ ಗುಂಡೊಂದನ್ನು ಒತ್ತಿಟ್ಟಿದ್ದರು. ಬಗ್ಗಿ ನೋಡಿದರೆ ಹಳೇ ಕಾಲದಲ್ಲಿ ಫಿರಂಗಿಗೆ ತುಂಬುತ್ತಿದ್ದ ತೋಪಿನ ಗುಂಡು! "ಇದು ಸರ್ಕಾರದ ಸ್ವತ್ತು ಚಾಚಾ, ಕೊಟ್ಟುಬಿಡ್ರಿ" ಎಂದೆ.

ಅವರು ಅಂಜುಬುರುಕರು. ಮರುದಿನವೇ ಆಟೋದಲ್ಲಿ ಹೇರಿಕೊಂಡು ಒಂದು ಸರ್ಕಾರಿ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತ, "ಇದು ಕಳುವಾಗ್ಯಾದಂತ ದೂರೇ ಇಲ್ಲ. ಕಳುವಾಗದ್ದನ್ನ ವಾಪಸ್ ಹ್ಯಾಂಗ ತೊಗೊಳ್ಳಲಿ?" ಎಂದ. ಹೋಗಲಿ, ಕೋಟೆಯ ಯಾವುದಾದರೂ ಹಳೇ ಬುರುಜಿನ ಬುಡಕ್ಕೆ ಇಟ್ಟು ಬರೋಣ ಎಂದು ಹೋದರೆ ಕಾವಲಿನವನು ಹಿಡಿದ.

"ಒಯ್ಲಿಕತ್ತಿಲ್ಲಪಾ, ಇಡ್ಲಿಕತ್ತೇನಿ!" ಎಂದು ಚಾಚಾ ಬಾಯಿ ಬಾಯಿ ಬಡಿದುಕೊಂಡರು.

ಕಾವಲಿನವನು ನನಗೆ ಫೋನು ಹಚ್ಚಿದ. "ಒಯ್ಯೋರನ್ನ ಹಿಡಿಯೋ ರೂಲು ಗೊತ್ತದ್ರಿ. ತರೋರೂ ಬರ್ತಾರಂತ ನಮಗ ಯಾರೂ ಹೇಳಿಲ್ರಿ."

ಗುಂಡು ಈಗ ಮತ್ತೆ ಅಂಗಡಿ ಬಾಗಿಲಲ್ಲೇ ಇದೆ. ಯಾರಾದರೂ ಕೇಳಿದರೆ ಚಾಚಾ ಹೇಳುತ್ತಾರೆ: "ಸರ್ಕಾರಿ ನೌಕರ ಅದಾನ್ರಿ. ನಮ್ಮ ಅಂಗಡಿಗೆ ಡೆಪ್ಯುಟೇಶನ್ ಮ್ಯಾಲ ಬಂದಾನ."

ಅಜ್ಜಿಯ ಕೇಸು

ಅದೇ ಔರಾದ ಸೀಮೆಯಲ್ಲಿ, ಡಾಬಕಾ ಬಳಿಯ ಒಂದು ಹಳ್ಳಿ. ಅಜ್ಜಿಯ ಹೊಲದ ಬದುವಿನಲ್ಲಿ ಕತ್ತಿ ಹಿಡಿದ ವೀರನ ಕಲ್ಲೊಂದು ತಲೆಮಾರುಗಳಿಂದ ನಿಂತಿತ್ತು. ಕುರಿಯ ಉಣ್ಣೆ ಕತ್ತರಿಸುವಾಗ ಮೊದಲ ಹಿಡಿ ಅದರ ಪಾದಕ್ಕೆ. ಅಲ್ಲಿಗೆ ಸಲ್ಲಿಸದೆ ಒಂದು ಕುರಿಗೂ ಕತ್ತರಿ ಮುಟ್ಟಿಸುವಂತಿಲ್ಲ. ನಿಧಿಯ ಆಸೆಗೆ ಯಾರೋ ಅದರ ಬುಡ ಅಗೆದು, ಕಲ್ಲು ಉರುಳಿಸಿ ಓಡಿಹೋದರು. ಅಜ್ಜಿ ದೂರು ಕೊಟ್ಟಳು. ಪೊಲೀಸರು ಬಂದರು, ಕಳ್ಳರು ಸಿಗಲಿಲ್ಲ, ಕಲ್ಲನ್ನೇ ಜಪ್ತಿ ಮಾಡಿ ಠಾಣೆಗೆ ಒಯ್ದರು.

ಬೇಸಿಗೆ ಬಂತು. ಕುರಿಗಳು ಮೈತುಂಬ ಉಣ್ಣೆ ಹೊತ್ತು ಬಿಸಿಲಲ್ಲಿ ಏದುಸಿರು ಬಿಡತೊಡಗಿದವು. ಅಜ್ಜಿ ನನ್ನ ಮುಂದೆ ಕೂತು ಅತ್ತಳು. "ಕಳ್ಳರು ಅಗದು ಬಿಟ್ಟ ಹ್ವಾದ್ರು. ಒಯ್ದವರು ಪೊಲೀಸರಲ್ರಿ? ಅಂವಾ ಏನ್ ತಪ್ಪ ಮಾಡ್ಯಾನ್ರಿ?"

ಈ ಸಲ ನನಗೆ ನಗು ಬರಲಿಲ್ಲ. ಇಷ್ಟು ಕಾಯ್ದೆ ಓದಿದ್ದು ಇದಕ್ಕೇನಾ ಅನ್ನಿಸಿತು. ಜಪ್ತಾದ ಮೋಟಾರ್ ಸೈಕಲ್ ಬಿಡಿಸುವಂತೆಯೇ ದೇವರನ್ನು ಬಿಡಿಸಲು ಅರ್ಜಿ ಹಾಕಿದೆ.

"ಇದಕ್ಕೆ ಜಾಮೀನು ಯಾರು?" ಎಂದರು ನ್ಯಾಯಾಧೀಶರು.

ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ನಮ್ಮ ಮನಿತನಕ್ಕ ಇಷ್ಟ ದಿನ ಅಂವಾ ನಿಂತಾನ್ರಿ. ಇವತ್ತ ಅವಗ ನಾ ನಿಲ್ತೇನಿ."

ನ್ಯಾಯಾಧೀಶರು ಪೆನ್ನು ಎತ್ತಿಕೊಂಡರು. ಕಲ್ಲು ಬಿಡುಗಡೆಯಾಯಿತು. ಮಾರಬಾರದು, ರೂಪ ಕೆಡಿಸಬಾರದು, ಕರೆದಾಗ ಹಾಜರುಪಡಿಸಬೇಕು ಎಂಬ ಷರತ್ತಿಗೆ ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಮರುದಿನವೇ ಕತ್ತರಿ ಆಡಿತು, ಕುರಿಗಳ ಮೈ ಹಗುರಾಯಿತು.

ಆಮೇಲೆ ಕಲ್ಲು ಉರುಳಿಸಿದ ಕಳ್ಳರೂ ಸಿಕ್ಕರು, ಇಬ್ಬರು. ಅವರಿಗೂ ಜಾಮೀನು ಸಿಕ್ಕಿತು. ವಿಚಾರಣೆಯ ದಿನ ಫೋಟೊ ತೋರಿಸಿದರೆ ಸಾಕು ಎಂದು ನಾನು ಎಷ್ಟು ಹೇಳಿದರೂ ಅಜ್ಜಿ ಕೇಳಲಿಲ್ಲ. "ಜಜ್ ಸಾಹೇಬ್ರಿಗೆ ಮಾತ ಕೊಟ್ಟೇನ್ರಿ." ಟ್ರ್ಯಾಕ್ಟರಿನಲ್ಲಿ ದೇವರು, ಹಿಂದೆ ಡೊಳ್ಳು, ಅದರ ಹಿಂದೆ ಊರಿಗೆ ಊರೇ ಕೋರ್ಟಿನ ಅಂಗಳಕ್ಕೆ ಬಂದಿಳಿಯಿತು.

ಕೇಸು ಬಂತು. ಜವಾನ ಬಾಗಿಲಲ್ಲಿ ನಿಂತು ಆರೋಪಿಗಳ ಹೆಸರು ಕೂಗಿದ. ಮತ್ತೆ ಕೂಗಿದ. ಯಾರೂ ಇಲ್ಲ. ಅಂಗಳದತ್ತ ಕಣ್ಣು ಹಾಯಿಸಿ, ಅಲ್ಲಿಂದಲೇ ಕೈಮುಗಿದು, ಒಳಗೆ ಬಂದು ವರದಿ ಒಪ್ಪಿಸಿದ:

"ಕಳ್ಳರು ಗೈರ್ರಿ ಸಾಹೇಬ್ರ. ದೇವರು ಹಾಜರ್."