ಭಂಡಾರದ ಎತ್ತರ

ದರ್ಜಿ ದ್ವಾಯ್ ಅವರ ಮೂವತ್ತೆಂಟು ವರ್ಷದ ದಾಂಪತ್ಯ ಒಂದೇ ಒಂದು ಕರಾರಿನ ಮೇಲೆ ನಿಂತಿತ್ತು. ಸೂಜಿ ಅವರದು, ಚೂರಿ ಹೆಂಡತಿ ಸೆನ್ ಅವರದು. ಹೋಯಿ ಆನ್ ಪೇಟೆಗೆ ಬಂದಿಳಿಯುವ ಪರದೇಶದವರ ಸೊಂಟ ಸುತ್ತಿ, ತೋಳು ಅಳೆದು, ಒಂದೇ ದಿನದಲ್ಲಿ ಕೋಟು ಹೊಲಿದು ಕೊಡುವ ಈ ಮಹಾನುಭಾವರು ಅಡುಗೆಮನೆಗೆ ಕಾಲಿಡುತ್ತಿದ್ದದ್ದು ಖಾಲಿ ಬಟ್ಟಲು ಹಿಡಿದುಕೊಂಡು ಮಾತ್ರ. ಹನ್ನೊಂದು ಹೊಡೆದರೆ ಸಾಕು, ಸೆನ್ ಕೈಯ ಅರಿಸಿನ ಬಣ್ಣದ ಅಗಲ ಶಾವಿಗೆ, ಅದರ ಮೇಲೆ ಸಿಗಡಿ, ಹುರಿದ ಕಡಲೆಕಾಯಿ. ಈ ಭೋಗ ಕೊನೆಯುಸಿರಿನ ತನಕ ನಡೆಯಬೇಕೆಂಬುದು ಅವರ ಏಕೈಕ ಆಸೆ. ನಡೆಯುತ್ತಲೂ ಇತ್ತು, ಅಡುಗೆಮನೆಗೆ ಹೊಸ ಕಟ್ಟೆಯ ಮಾತನ್ನು ಅವರು ಎತ್ತದಿದ್ದರೆ. ಎತ್ತಿಬಿಟ್ಟರು. ಎಷ್ಟು ಎತ್ತರಕ್ಕೆ ಎತ್ತಿದರೆಂಬುದೇ ಇಲ್ಲಿನ ಗೋಳು.

ಹಳೆಯ ಕಟ್ಟೆಯ ಬಿಳಿ ಬಿಲ್ಲೆಗಳ ಸಂದಿನಲ್ಲಿ ಇರುವೆಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. ಕಲ್ಲು ಹಾಕಿಸಿ ಎಂದು ಸೆನ್ ಹನ್ನೆರಡು ವರ್ಷ ಕೇಳಿದ್ದರು, ಅದು ದ್ವಾಯ್ ಕಿವಿಗೆ ಬಿದ್ದಿರಲಿಲ್ಲ. ಎದುರುಮನೆಯವರು ಕಲ್ಲು ಹಾಕಿಸಿದ್ದು ಮಾತ್ರ ಕಣ್ಣಿಗೆ ಬಿತ್ತು. ಮರುದಿನವೇ ಗಂಡ ಹೆಂಡತಿ ಕಲ್ಲಿನ ಅಂಗಡಿಯಲ್ಲಿದ್ದರು.

ದ್ವಾಯ್ ಬಿಳಿ ಅಮೃತಶಿಲೆಯ ಮುಂದೆ ಭಕ್ತರಂತೆ ನಿಂತರು. ಸೆನ್ ಕೈಚೀಲದಿಂದ ನಿಂಬೆಹೋಳು, ಮೀನಿನ ರಸದ ಸೀಸೆ, ಅರಿಸಿನದ ಪೊಟ್ಟಣ ತೆಗೆದರು.

"ಅಮ್ಮಾ, ಇದೇನು ಮಾಡ್ತಿದೀರಿ?" ಅಂಗಡಿಯವನ ಜೀವ ಬಾಯಿಗೆ ಬಂತು.

"ವಧುಪರೀಕ್ಷೆ," ಎಂದರು ಸೆನ್. "ಮನೆಗೆ ಬಂದ್ಮೇಲೆ ಮುಖ ಕಪ್ಪಿಟ್ರೆ ಯಾರಿಗೆ ಹೇಳೋದು?"

ಅರ್ಧ ಗಂಟೆಯಲ್ಲಿ ಅಮೃತಶಿಲೆ ನಿಂಬೆಹುಳಿಗೆ ಮುಖ ಕಿವುಚಿತು, ಅರಿಸಿನಕ್ಕೆ ಕಾಮಾಲೆ ಬಂದಂತಾಯಿತು. ಪಕ್ಕದಲ್ಲಿದ್ದ ಕರಿ ಗ್ರಾನೈಟ್ ಮೂರನ್ನೂ ಮೈಮೇಲೆ ಹಾಕಿಸಿಕೊಂಡು ಮಿಸುಕಲಿಲ್ಲ. (ಒರಟು ಮೈ, ಕಲ್ಲು ಮನಸ್ಸು. ಸೆನ್‌ಗೆ ಮೂವತ್ತೆಂಟು ವರ್ಷದಿಂದ ಇಂಥದ್ದರ ಜೊತೆ ಏಗಿ ಅಭ್ಯಾಸವಿತ್ತು.) ಕರಿಕಲ್ಲೇ ಗೆದ್ದಿತು.

ಇಲ್ಲಿಯ ತನಕ ಎಲ್ಲ ಸುಸೂತ್ರ. ಕೆಟ್ಟದ್ದು ಮೇಸ್ತ್ರಿ ಕಾಂಗ್ ಟೇಪು ಬಿಚ್ಚಿದಾಗ. ಆ ಊರಿನ ಮೇಸ್ತ್ರಿಗಳ ಟೇಪಿನಲ್ಲಿ ಬರೀ ಸೆಂಟಿಮೀಟರು ಇರುವುದಿಲ್ಲ. ಅಂಕಿಯ ಕೆಳಗೆ ಕೆಂಪು ಮನೆ, ಕಪ್ಪು ಮನೆ, ಒಂದೊಂದು ಮನೆಯಲ್ಲೂ ಒಂದೊಂದು ಫಲ. ಬಾಗಿಲಾಗಲಿ ಮಂಚವಾಗಲಿ ಕೆಂಪಿಗೆ ಬಿದ್ದರೆ ಶುಭ, ಕಪ್ಪಿಗೆ ಬಿದ್ದರೆ ಗ್ರಹಚಾರ.

ಸೆನ್ ಮೊಣಕೈ ಮಡಿಸಿ ನಿಂತರು. ಕಾಂಗ್ ಅಳೆದ. "ದೊಡ್ಡಮ್ಮಂಗೆ ಎಂಬತ್ತು ಸರಿಹೋಗುತ್ತೆ."

ದ್ವಾಯ್ ಕನ್ನಡಕ ಏರಿಸಿ ಬಗ್ಗಿದರು. "ಎಂಬತ್ತು ಕಪ್ಪು ಕಣಯ್ಯಾ. ಏನು ಬರೆದಿದೆ ನೋಡು, ಜಗಳ."

"ಹಳೇ ಕಟ್ಟೇನೂ ಅಷ್ಟೇ ಎತ್ತರ ಇತ್ತು," ಎಂದರು ಸೆನ್.

"ನೋಡಿದ್ಯಾ, ಅದಕ್ಕೇ ನೀನು ಹೀಗೆ."

ಕಟ್ಟೆ ಕಟ್ಟುವ ಮೊದಲೇ ಜಗಳದ ಕಟ್ಟೆಯೊಡೆಯುವುದನ್ನು ಕಂಡು ಕಾಂಗ್ ನಡುವೆ ಬಾಯಿ ಹಾಕಿದ. "ಎಂಬತ್ತೊಂದಕ್ಕೆ ಕೆಂಪಿದೆ ದೊಡ್ಡಪ್ಪ. ಹಣ ಬರುತ್ತೆ ಅಂತಿದೆ."

"ಒಂದು ಸೆಂಟಿಮೀಟರ್ ತಾನೆ, ಚಪ್ಪಲಿ ಹಾಕ್ಕೋತೀನಿ," ಎಂದರು ಸೆನ್.

ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ದ್ವಾಯ್ ಅವರ ಕಣ್ಣು ಟೇಪಿನ ಮೇಲೆ ಏಣಿ ಹತ್ತಿದಂತೆ ಹತ್ತುತ್ತಿತ್ತು. ಎಂಬತ್ತನಾಲ್ಕು, ನಿಧಿ ಪ್ರವೇಶ. ಎಂಬತ್ತೆಂಟು, ಭಂಡಾರ. ಅವರ ಬೆರಳು ಅಲ್ಲಿಗೇ ಅಂಟಿಕೊಂಡಿತು.

"ಎಂಬತ್ತೆಂಟು ಹಾಕು."

"ದೊಡ್ಡಪ್ಪ, ದೊಡ್ಡಮ್ಮನ ಮೊಣಕೈ..."

"ಮನೆಗೆ ಭಂಡಾರ ಬರ್ತಿರುವಾಗ ಮೊಣಕೈ ಯಾವ ಲೆಕ್ಕ? ಕೇಳು, ಈ ಮನೆ ಹೆಂಗಸು ಕಪ್ಪು ಮನೆ ಎತ್ತರದಲ್ಲಿ ಇನ್ನು ಚೂರಿ ಹಿಡಿಯಕೂಡದು. ಇದು ನನ್ನ ಕಟ್ಟಪ್ಪಣೆ."

ಸೆನ್ ವಾದಿಸಲಿಲ್ಲ. (ಮೂವತ್ತೆಂಟು ವರ್ಷದ ಅನುಭವಿ ಗಂಡಸು ಇಲ್ಲೇ ಬೆವರಬೇಕಿತ್ತು.) "ಕಾಂಗ್, ಕೇಳಿಸ್ಕೊಂಡ್ಯಾ?" ಎಂದಷ್ಟೇ ಕೇಳಿದರು.

"ಕೇಳಿಸ್ತು ದೊಡ್ಡಮ್ಮ."

ದ್ವಾಯ್ ತಮ್ಮ ಅಂಗಡಿಯ ಸೀಮೆಸುಣ್ಣದಿಂದ ಗೋಡೆಯ ಮೇಲೆ ಸ್ವಹಸ್ತದಲ್ಲಿ ಗೆರೆ ಎಳೆದರು. ಕಾಂಗ್ ತಲೆ ಕೆರೆದುಕೊಂಡ. "ಇದು ಕಲ್ಲಿನ ಮೇಲ್ಗಡೆ ಗೆರೇನಾ, ಕೆಳಗಡೇದಾ?"

"ನೀನು ಹುಟ್ಟೋಕೆ ಮುಂಚೆಯಿಂದ ನಾನು ಗೆರೆ ಹಾಕ್ತಿದೀನಿ. ಗೆರೆ ತನಕ ಇಟ್ಟಿಗೆ ಕಟ್ಟು ಸಾಕು."

ಕಾಂಗ್ ಗೆರೆಯ ತನಕ ಕಟ್ಟಿದ. ಅದರ ಮೇಲೆ ಎರಡು ಸೆಂಟಿಮೀಟರು ಸಿಮೆಂಟು. ಅದರ ಮೇಲೆ ನಾಲ್ವರು ಏದುಸಿರು ಬಿಡುತ್ತಾ ಹೊತ್ತು ತಂದ ಎರಡು ಸೆಂಟಿಮೀಟರು ಕಲ್ಲು. ಮೂರನೇ ದಿನ, ಸಿಮೆಂಟು ಕಲ್ಲಿಗಿಂತ ಗಟ್ಟಿಯಾದ ಮೇಲೆ, ದ್ವಾಯ್ ಭಂಡಾರದ ದರ್ಶನಕ್ಕೆಂದು ಟೇಪು ಹಿಡಿದರು. ತೊಂಬತ್ತೆರಡು. ಕಪ್ಪು. 'ಹಣ ಹಿಂದೆ ಸರಿಯುತ್ತದೆ.'

ಜೀವಮಾನದಲ್ಲಿ ಒಂದು ಪೈಜಾಮವನ್ನೂ ಒಳಮಡಿಕೆಗೆ ಬಟ್ಟೆ ಬಿಡದೆ ಕತ್ತರಿಸದ ದರ್ಜಿ, ಕಲ್ಲಿನ ದಪ್ಪಕ್ಕೆ ಜಾಗ ಬಿಡುವುದನ್ನು ಮರೆತಿದ್ದರು. ಅಳತೆ ಮೀರಿದ ಆಸೆ ಅಳತೆಯನ್ನೇ ಮೀರಿತ್ತು.

"ಕೀಳೋಕಾಗುತ್ತಾ?" ಎಂದರು ಸಣ್ಣ ದನಿಯಲ್ಲಿ.

"ಕಿತ್ರೆ ಎರಡು ಹೋಳು ದೊಡ್ಡಪ್ಪ."

ಸೆನ್ ಕಟ್ಟೆಯ ಮುಂದೆ ನಿಂತು ಈರುಳ್ಳಿ ಇಟ್ಟು ಚೂರಿ ಎತ್ತಿದರು. ಮೊಣಕೈ ಕಿವಿಯ ಹತ್ತಿರ ಬಂತು. ಪಿಟೀಲು ಬಾರಿಸುವವರಂತೆ ಕಂಡರು. ಚೂರಿ ಕೆಳಗಿಟ್ಟರು.

ಗಂಟೆ ಹತ್ತೂವರೆ. ದ್ವಾಯ್ ಅವರ ಹೊಟ್ಟೆ ತಾಳ ಹಾಕತೊಡಗಿತ್ತು. ಹಸಿವಿನಿಂದ ಹೊಳೆಯುವ ಬುದ್ಧಿಯೂ ಒಂದಿದೆ. ಅಂಗಡಿಗೆ ಓಡಿಹೋಗಿ, ಪ್ಯಾಂಟಿನ ತುದಿ ಅಳೆಯಲು ಗಿರಾಕಿಗಳನ್ನು ನಿಲ್ಲಿಸುವ ಮರದ ಮಣೆ ಎತ್ತಿಕೊಂಡು ಬಂದರು. "ಹತ್ತು ಇದರ ಮೇಲೆ."

ಸೆನ್ ಹತ್ತಿದರು. ಮೊಣಕೈ ಕಟ್ಟೆಗೆ ಹೇಳಿ ಮಾಡಿಸಿದಂತೆ ಕೂತಿತು. ದ್ವಾಯ್ ಅವರಿಗೆ ಹೋದ ಜೀವ ಬಂತು, ಅದರ ಹಿಂದೆಯೇ ಬಾಯಲ್ಲಿ ನೀರೂ ಬಂತು.

"ಕಾಂಗ್, ಟೇಪು ಹಿಡಿ," ಎಂದರು ಸೆನ್. "ಮಣೆಯಿಂದ ಅಳೆ."

ಕಾಂಗ್ ಅಳೆದ. ಮಣೆ ಹನ್ನೆರಡು ಸೆಂಟಿಮೀಟರು. ಉಳಿದದ್ದು ಎಂಬತ್ತು. "ಕಪ್ಪು ದೊಡ್ಡಮ್ಮ. ಜಗಳ."

ಸೆನ್ ಮಣೆಯಿಂದ ಇಳಿದು ಸೆರಗು ಕೊಡವುವವರಂತೆ ಅಂಗಿಯ ತುದಿ ಕೊಡವಿದರು. "ಇಲ್ಲಿ ನಿಂತ್ರೂ ಕಪ್ಪು, ಅಲ್ಲಿ ನಿಂತ್ರೂ ಕಪ್ಪು. ನಾನು ಚೂರಿ ಹಿಡಿಯೋ ಹಾಗಿಲ್ಲ ಅಂತಾಯ್ತು."

"ಅದು ಸುಮ್ನೆ ಮಾತಿಗೆ ಹೇಳಿದ್ದು ಕಣೇ."

"ಕಟ್ಟಪ್ಪಣೆ ಅಂದ್ರಿ. ಸಾಕ್ಷಿ ಇದಾನೆ."

"ಹಾಗಾದ್ರೆ ನನಗೂ ಕಪ್ಪು ತಾನೆ?"

"ಈ ಮನೆ ಹೆಂಗಸು ಅಂದಿದ್ದು ನೀವು. ಗಂಡಸಿನ ವಿಷಯ ಏನೂ ಹೇಳಿಲ್ಲ." ಸೆನ್ ಗಂಡನ ಮೊಣಕೈ ಹಿಡಿದು ಕಲ್ಲಿನ ಮೇಲೆ ಮೆಲ್ಲಗೆ ಇಟ್ಟರು. "ನೋಡಿ, ನಿಮಗೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ."

ಕಾಂಗ್ ಟೇಪನ್ನು ಸರ್ರನೆ ಸುರುಳಿ ಸುತ್ತಿಸಿ, ಗೋಡೆಯ ಕಡೆ ತಿರುಗಿ ಕೆಮ್ಮಿದ.

ಮಾರನೆಯ ದಿನ ಹನ್ನೊಂದು ಹೊಡೆಯಿತು. ದ್ವಾಯ್ ಕೊರಳಲ್ಲಿ ಟೇಪು, ಕಣ್ಣಲ್ಲಿ ಈರುಳ್ಳಿಯ ಗಂಗಾಭಾಗೀರಥಿ. ಅವರು ಕತ್ತರಿಸಿದ ಶಾವಿಗೆ ಕೋಟಿನ ಕಾಲರಿನಷ್ಟು ಅಗಲವಿತ್ತು. ಸೆನ್ ಖಾಲಿ ಬಟ್ಟಲು ಹಿಡಿದು ಅಡುಗೆಮನೆಗೆ ಬಂದರು, ಬಡಿಸಿಕೊಂಡರು, ಗಿರಾಕಿಗಳ ಮಣೆಯ ಮೇಲೆ ಆರಾಮಾಗಿ ಕೂತು ಕೊನೆಯ ಎಳೆಯವರೆಗೂ ತಿಂದರು.

"ಹೇಗಿದೆ?" ಎಂದರು ದ್ವಾಯ್, ಮೂಗು ಒರೆಸಿಕೊಳ್ಳುತ್ತಾ.

"ಪರವಾಗಿಲ್ಲ. ರಸ ಸ್ವಲ್ಪ ಸಡಿಲ, ಉಪ್ಪು ಒಂಚೂರು ಬಿಗಿ." ಸೆನ್ ಬಟ್ಟಲನ್ನು ಕರಿಕಲ್ಲಿನ ಮೇಲೆ, ಕೈ ಎತ್ತಿ, ಇಟ್ಟರು. "ಸರಿಮಾಡಿ ಇಡಿ. ನಾಳೆ ಹನ್ನೊಂದಕ್ಕೆ ಮತ್ತೆ ಟ್ರಯಲ್‌ಗೆ ಬರ್ತೀನಿ."